ನರದ ನಂಬರು

ಹೆಂಡತಿ ಜಗಳಗಂಟಿಯಾದರೆ ಗಂಡನಾದವನು ಎದ್ದು ಕಟ್ಟೆಗೆ ಹೋಗಿ ಕೂಡಬಹುದು. ಜಿಪುಣಿಯಾದರೆ ಕದ್ದು ಹೋಟೆಲಿನಲ್ಲಿ ಮಿರ್ಚಿ ಭಜಿ ತಿನ್ನಬಹುದು. ಆದರೆ ಹೆಂಡತಿ ಕಂಡದ್ದಕ್ಕೆಲ್ಲ ನಂಬರು ಕೊಡುವವಳಾದರೆ ಏನು ಮಾಡಬೇಕು? ರಾಣೆಬೆನ್ನೂರಿನ ದಾದಾಪೀರನಿಗೆ ಹದಿನಾರು ವರ್ಷದಿಂದ ಇದೇ ಸಂಕಟ. (ಬಾಯಿಬಿಟ್ಟು ಹೇಳಲಾರ, ಆದರೆ ಇದೇ ಹೆಮ್ಮೆ ಕೂಡ.)

ಅವನ ಹೆಂಡತಿ ಮುಮ್ತಾಜಬಿ ಊರಿನ ಒಂದು ಖಾಸಗಿ ಆಸ್ಪತ್ರೆಯ ರೆಕಾರ್ಡು ಕೋಣೆಯಲ್ಲಿದ್ದಳು. ಡಾಕ್ಟರು ಗೀಚಿದ ರೋಗದ ಹೆಸರು ಓದುವುದು, ಇಟ್ಟಿಗೆ ಗಾತ್ರದ ಪುಸ್ತಕ ತೆಗೆದು ಅದಕ್ಕೆ ಸರಿಹೊಂದುವ ನಂಬರು ಹುಡುಕುವುದು, ಅದನ್ನು ಕೇಸ್ ಪೇಪರಿಗೂ ಬಿಲ್ಲಿಗೂ ಹಚ್ಚುವುದು, ಇದು ಅವಳ ಕೆಲಸ. ಡಾಕ್ಟರ ಅಕ್ಷರ ಡಾಕ್ಟರಿಗೇ ತಿಳಿಯದಿದ್ದಾಗ ಅವರೇ ಕಿಟಕಿಗೆ ಬಂದು, "ಮುಮ್ತಾಜಬಿ, ನಾ ಏನ್ ಬರದೇನಿ ಸ್ವಲ್ಪ ನೋಡ್ರಿ" ಎನ್ನುತ್ತಿದ್ದರು. ಮನೆಯಲ್ಲೂ ಅಷ್ಟೇ. ಯಾರಿಗಾದರೂ ಮೂಗು ಸೋರಿದರೆ "ನೆಗಡಿ" ಅನ್ನುತ್ತಿರಲಿಲ್ಲ. "ನಾನೂರಾ ಅರವತ್ತು, ಕಷಾಯ ಕುಡೀರಿ" ಅನ್ನುತ್ತಿದ್ದಳು.

ದಾದಾಪೀರ ಹಾವೇರಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. (ಯಾವ ಕಚೇರಿ ಎಂದು ಕೇಳಬೇಡಿ, ಅವನಿಗೆ ಇನ್ನೂ ಸರ್ವಿಸಿದೆ.) ದಿನಾ ಬೆಳಿಗ್ಗೆ ಪ್ಯಾಸೆಂಜರ್ ಗಾಡಿಯಲ್ಲಿ ಹೋಗಿ ಸಂಜೆ ಬರುತ್ತಿದ್ದ. ಹಾವೇರಿ ಜಿಲ್ಲೆಯಾಗಿ ಆಗಷ್ಟೇ ಒಂದು ವರ್ಷವಾಗಿತ್ತು. ಹೊಸ ಜಿಲ್ಲೆಯ ಜೊತೆಗೆ ಹೊಸ ಕುರ್ಚಿಗಳೂ ಬಂದವು, ಮೆತ್ತನೆಯ ಗಾದಿಯವು. ದಾದಾಪೀರ ತನ್ನ ಪಾಲಿನ ಸಿಂಹಾಸನವನ್ನು ಹತ್ತೂವರೆಗೆ ಅಲಂಕರಿಸಿ, ಎಡಗಾಲ ಮೇಲೆ ಬಲಗಾಲು ಹಾಕಿದನೆಂದರೆ ಅದು ಇಳಿಯುತ್ತಿದ್ದುದು ಸಂಜೆಯ ಗಾಡಿಗೆ. ಆ ಭಂಗಿ ನೋಡಿ ಹಳ್ಳಿಯಿಂದ ಬಂದವರು ಇವರೇ ಸಾಹೇಬರೆಂದು ಕೈಮುಗಿಯುತ್ತಿದ್ದರು. ಇವನೂ ಅಲ್ಲವೆನ್ನುತ್ತಿರಲಿಲ್ಲ.

ಒಂದು ಸಂಜೆ ಹಾವೇರಿ ಸ್ಟೇಷನ್ನಿನಲ್ಲಿ ಅವನ ಬಲಗಾಲ ಚಪ್ಪಲಿ ಕಳಚಿ ಹಿಂದೆ ಉಳಿಯಿತು. ಉಳಿದದ್ದು ಅವನಿಗೆ ಗೊತ್ತೇ ಆಗಲಿಲ್ಲ. ನೋಡಿದರೆ ಪಾದ ಮೇಲೇಳುತ್ತಿಲ್ಲ, ಬೆರಳು ನೆಲ ಕೆರೆಯುತ್ತಿವೆ. ಮುಮ್ತಾಜಬಿಯ ಆಸ್ಪತ್ರೆಯ ಡಾಕ್ಟರು ಹುಬ್ಬಳ್ಳಿಗೆ ಕಳಿಸಿ ನರಕ್ಕೆ ಕರೆಂಟು ಹಚ್ಚಿಸಿ ನೋಡಿದರು. ಮೊಣಕಾಲಿನ ಪಕ್ಕದ ನರ ಒತ್ತಿ ಕೆಟ್ಟಿದೆ, ಪಟ್ಟಿ ಕಟ್ಟಿಕೊಂಡರೆ ಮೂರು ತಿಂಗಳಲ್ಲಿ ಸರಿಹೋಗುತ್ತದೆ ಎಂದರು. ಬಿಲ್ಲು ತಯಾರಾಯಿತು. ಸರ್ಕಾರ ಅದನ್ನು ಮರಳಿ ಕೊಡಬೇಕೆಂದರೆ ರೋಗದ ಸರ್ಟಿಫಿಕೇಟು ಬೇಕು. ಅದು ತಯಾರಾಗುತ್ತಿದ್ದುದು ಮುಮ್ತಾಜಬಿಯ ಮೇಜಿನ ಮೇಲೆಯೇ.

"ಮುನ್ನೂರಾ ಐವತ್ತೈದು, ಪಾಯಿಂಟ್ ಮೂರು," ಎಂದಳು ಅವಳು ಮನೆಗೆ ಬಂದು. "ಕಾರಣ: ಕಾಲ ಮ್ಯಾಲೆ ಕಾಲ ಹಾಕ್ಕೊಂಡು ಭಾಳೊತ್ತು ಕುಂದ್ರೂದು."

"ಏ ಮುಮ್ತಾಜ! ಹಂಗ ಬರದರ ನನ್ನ ಮರ್ಯಾದಿ ಏನ್ ಆಗಬೇಕು? ಕಚೇರಿ ಕೆಲಸದಾಗ ಬಿದ್ದು ಪೆಟ್ಟಾತು ಅಂತ ಬರಿ."

"ಬಿದ್ರ ನಂಬರನ ಬ್ಯಾರೆರಿ. ಒಂಬೈನೂರಾ ಐವತ್ತಾರು. ಅದರ ಹಿಂದ ಮತ್ತೊಂದು ನಂಬರ ಹಚ್ಚಬೇಕು, ಯಾತರ ಮ್ಯಾಲಿಂದ ಬಿದ್ರಿ ಅಂತ. ಏಣಿಗೆ ಒಂದು, ಮೆಟ್ಟಲಕ್ಕ ಒಂದು."

"ಮೆಟ್ಟಲ ಹಾಕಿಬಿಡು."

"ನಿಮ್ಮ ಕಚೇರಿಯಾಗ ಮೆಟ್ಟಲ ಎಲ್ಲಿ ಅದಾವ್ರಿ?"

ಇರಲಿಲ್ಲ. ಅಂಗಳದಿಂದ ಸಾಹೇಬರ ಕೋಣೆಯ ತನಕ ಕಚೇರಿಯೆಲ್ಲ ಒಂದೇ ಮಟ್ಟಕ್ಕಿತ್ತು. ಅವಳು ಒಮ್ಮೆ ಮಾತ್ರ ಅಲ್ಲಿಗೆ ಬಂದಿದ್ದಳು, ಅದೂ ಊಟದ ಡಬ್ಬಿ ಕೊಡಲಿಕ್ಕೆ. ಅಷ್ಟರಲ್ಲೇ ನೋಡಿಟ್ಟುಕೊಂಡಿದ್ದಳು.

ದಾದಾಪೀರ ಸರ್ಟಿಫಿಕೇಟನ್ನು ಮಡಚಿ ಟ್ರಂಕಿನ ತಳಕ್ಕೆ ಹಾಕಿದ. ಸರ್ಕಾರಿ ಫಾರ್ಮನ್ನು ತಾನೇ ತುಂಬಿದ. ಅದರಲ್ಲಿ "ಕಾಯಿಲೆಯ ಹೆಸರು (ಕಡ್ಡಾಯವಾಗಿ ಕನ್ನಡದಲ್ಲಿ)" ಎಂಬ ಕಾಲಮ್ಮಿತ್ತು. ಕಚೇರಿಯ ಕರಡು ಬರೆಯುವುದರಲ್ಲಿ ಅವನದು ಎತ್ತಿದ ಕೈ. ಕೆಟ್ಟಿರುವುದು ನರ, ಬಂದಿರುವುದು ದೌರ್ಬಲ್ಯ. ಎಲ್ಲೋ ಓದಿದ್ದ ಗಂಭೀರವಾದ ಪದವೊಂದು ತಾನಾಗಿ ನೆನಪಿಗೆ ಬಂತು. ದುಂಡಗಿನ ಅಕ್ಷರದಲ್ಲಿ "ನರ ದೌರ್ಬಲ್ಯ" ಎಂದು ಬರೆದು, ಕೆಳಗೊಂದು ಗೆರೆ ಎಳೆದು, ಸಹಿ ಮಾಡಿ ಒಳಗೆ ಕಳಿಸಿದ.

ಎಲ್ಲಿ ಓದಿದ್ದ ಎನ್ನುವುದು ಅವನಿಗೆ ಮೂರನೆಯ ದಿನ ಗೊತ್ತಾಯಿತು. ರಾಣೆಬೆನ್ನೂರಿನಿಂದ ಹಾವೇರಿಯ ತನಕ ಗಾಡಿಯ ಕಿಟಕಿಯಿಂದ ಕಾಣುವ ಒಂದೊಂದು ಗೋಡೆಯ ಮೇಲೂ ಸುಣ್ಣದಲ್ಲಿ ಆ ಪದ ಬರೆದಿತ್ತು. ಅದರ ಕೆಳಗೆ ಗುಪ್ತರೋಗದ ಡಾಕ್ಟರ ಹೆಸರಿತ್ತು, ಲಾಡ್ಜಿನ ರೂಮ್ ನಂಬರಿತ್ತು, "ವಿವಾಹಿತರೂ ಸಂಕೋಚವಿಲ್ಲದೆ ಭೇಟಿಯಾಗಿರಿ" ಎಂಬ ಅಭಯವಿತ್ತು.

ಆ ದಿನ ಬ್ಯಾಡಗಿಯಲ್ಲಿ ಗಾಡಿ ಹತ್ತಿದ ಸಹೋದ್ಯೋಗಿ ದುರಗಪ್ಪ, ಎದುರಿಗೆ ಜಾಗವಿದ್ದರೂ ಮೈಗೆ ಮೈ ಹತ್ತಿ ಕುಳಿತ. ಕಿಸೆಯಿಂದ ಒಂದು ಹಳದಿ ಚೀಟಿ ತೆಗೆದು ದಾದಾಪೀರನ ಕೈಯಲ್ಲಿಟ್ಟು ಮುಷ್ಟಿ ಮುಚ್ಚಿಸಿದ.

"ಎರಡನೇ ರವಿವಾರ ನಮ್ಮ ಬ್ಯಾಡಗಿ ಲಾಡ್ಜಿಗೆ ಬರ್ತಾರ. ನಾಚಿಕಿ ಮಾಡಬ್ಯಾಡ ದೋಸ್ತಾ. ಯಾರ ಮುಂದೂ ಹೇಳೂದಿಲ್ಲ."

"ಏನ್ ಹೇಳೂದಿಲ್ಲಪಾ?"

"ಇಡೀ ಕಚೇರಿಗೆ ಗೊತ್ತೈತಿ. ಮತ್ತ ನಾ ಬ್ಯಾರೆ ಯಾಕ ಹೇಳ್ಲಿ?"

ಕಚೇರಿಯೊಳಗೆ ಕಾಲಿಟ್ಟರೆ ಟೈಪಿಸ್ಟ್ ಸುಶೀಲವ್ವ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಜವಾನ ಮೈಲಪ್ಪ ಚಹಾದ ಬದಲು ಒಂದು ಲೋಟ ಬಾದಾಮಿ ಹಾಲು ತಂದಿಟ್ಟು, "ಕುಡೀರಿ ಸಾಹೇಬ್ರ, ನನ್ನ ಲೆಕ್ಕದಾಗ" ಎಂದು ಕಣ್ಣು ಒರೆಸಿಕೊಂಡ. ಮೇಜಿನ ಮೇಲೆ ಅವನ ಬಿಲ್ಲು ವಾಪಸು ಬಂದು ಕುಳಿತಿತ್ತು. ಕೆಂಪು ಶಾಯಿಯ ಆಕ್ಷೇಪಣೆ: "ಸದರಿ ಕಾಯಿಲೆಯು ಮರುಪಾವತಿಗೆ ಅರ್ಹವೆಂದು ಕಂಡುಬರುವುದಿಲ್ಲ. ಅಗತ್ಯವಿದ್ದಲ್ಲಿ ಅರ್ಜಿದಾರರ ಪತ್ನಿಯವರ ಹೇಳಿಕೆ ಪಡೆಯತಕ್ಕದ್ದು."

ಬಿಲ್ಲಿನ ಹಣ ಹಾಳಾಗಿ ಹೋಗಲಿ ಎನಿಸಿತು ದಾದಾಪೀರನಿಗೆ. ಮೂರು ಮಕ್ಕಳ ತಂದೆ ಅವನು. ಈ ಮಾತು ರೈಲು ಹತ್ತಿ ರಾಣೆಬೆನ್ನೂರಿಗೆ ಬಂದರೆ ಮಸೀದಿಯಲ್ಲಿ ಯಾರ ಪಕ್ಕ ನಿಲ್ಲಬೇಕು? ಸಂಜೆ ಮನೆಗೆ ಹೋಗಿ ಫೈಲನ್ನು ಹೆಂಡತಿಯ ಮುಂದಿಟ್ಟು ತಲೆ ತಗ್ಗಿಸಿದ.

ಮುಮ್ತಾಜಬಿ ಓದಿದಳು. ಇನ್ನೊಮ್ಮೆ ಓದಿದಳು. "ತೌಬಾ!" ಎಂದು ಕೆನ್ನೆ ಬಡಿದುಕೊಂಡಳು.

"ಹೆಸರಿಗೆ ಹತ್ತು ಅರ್ಥ ಇರ್ತಾವು, ಅದಕ್ಕ ನಂಬರ ಕೊಡೂದು ಅಂತ ಎಷ್ಟ ಸರತಿ ಹೇಳೇನಿ? ನಾ ಕೊಟ್ಟ ನಂಬರ ಎಲ್ಲೈತ್ರಿ?"

"ಟ್ರಂಕಿನ ತಳದಾಗ."

"ತಗೀರಿ. ನಾಳೆ ನಾನೂ ಬರ್ತೇನಿ."

"ಬ್ಯಾಡ ಮುಮ್ತಾಜ. ಹೆಣಮಕ್ಕಳು ಬಂದು ಈ ಮಾತು..."

"ಪತ್ನಿ ಹೇಳಿಕಿ ಬೇಕು ಅಂತ ಅವರ ಬರದಾರಲ್ಲ!"

ಮರುದಿನ ಹನ್ನೊಂದಕ್ಕೆ ಬುರಖಾ ತೊಟ್ಟು, ಕಾಯಿಪಲ್ಲೆಯ ಕೈಚೀಲದಲ್ಲಿ ಆ ಇಟ್ಟಿಗೆ ಪುಸ್ತಕ ಹಾಕಿಕೊಂಡು ಅವಳು ಸಾಹೇಬರ ಕೋಣೆ ಹೊಕ್ಕಳು. ಅವಳ ಹಿಂದೆ ದಾದಾಪೀರ. ಬಾಗಿಲ ಸಂದಿಯಲ್ಲಿ ಸಮಸ್ತ ಸಿಬ್ಬಂದಿ.

ಸಾಹೇಬರು ಕೆಮ್ಮಿದರು. "ಕುಂದ್ರಿ ಬಾಯಾರ. ಇದು ಸ್ವಲ್ಪ ಸೂಕ್ಷ್ಮ ವಿಷಯ..."

"ಸೂಕ್ಷ್ಮ ಏನೂ ಇಲ್ರಿ ಸರ, ಪುಟ ತಪ್ಪೈತಿ," ಎಂದು ಮುಮ್ತಾಜಬಿ ಪುಸ್ತಕ ತೆರೆದಳು. "ನೀವು ಅನ್ಕೊಂಡ ಬ್ಯಾನಿ ಇಲ್ಲೈತಿ ನೋಡ್ರಿ, ಮುನ್ನೂರಾ ಎರಡು. ನಮ್ಮ ಮನಿಯವ್ರದು ಮುನ್ನೂರಾ ಐವತ್ತೈದು. ಕಾಲಿನ ನರ. ನಡುವ ಐವತ್ಮೂರು ನಂಬರದ ಅಂತರ ಐತ್ರಿ!"

ಬಾಗಿಲ ಸಂದಿ ತಣ್ಣಗಾಯಿತು. ಗಂಡಸಿನ ಮರ್ಯಾದೆ ಹೀಗೆ ಕಳೆಯುವ ಲೆಕ್ಕದಿಂದ ವಾಪಸು ಬಂದದ್ದನ್ನು ಯಾರೂ ಕಂಡಿರಲಿಲ್ಲ. ದಾದಾಪೀರನ ಎದೆ ತುಂಬಿ ಬಂತು. ಹದಿನಾರು ವರ್ಷ ಇಂಥವಳ ಜೊತೆ ಬಾಳಿದೆನಲ್ಲ, ಒಂದು ದಿನವಾದರೂ ಶಹಬ್ಬಾಸ್ ಅಂದೆನೇ ಎಂದು ನಿಜವಾಗಿ ನೊಂದುಕೊಂಡ. ದುರಗಪ್ಪನ ಕಡೆ ತಿರುಗಿ ಮೀಸೆಯ ಮೇಲೊಮ್ಮೆ ಕೈಯಾಡಿಸಿದ.

ಸಾಹೇಬರು ಪುಸ್ತಕವನ್ನು ಎರಡೂ ಕೈಯಿಂದ ಹಿಡಿದು ನೋಡಿದರು. "ಭೇಷ್ ಬಾಯಾರ! ಅಂದಂಗ, ಈ ಮುನ್ನೂರಾ ಐವತ್ತೈದು ಯಾತರಿಂದ ಬರತೈತಿ?"

ದಾದಾಪೀರ ಹಿಂದಿನಿಂದ ಅವಳ ಬುರಖಾ ಎಳೆದ. ಆದರೆ ಕಾಲಮ್ ಖಾಲಿ ಬಿಡುವುದು ಮುಮ್ತಾಜಬಿಯ ಜಾಯಮಾನವಲ್ಲ.

"ದಿನಾ ಆರೇಳು ತಾಸು ಕಾಲ ಮ್ಯಾಲೆ ಕಾಲ ಹಾಕ್ಕೊಂಡು ಕುಂತರ ಬರತೈತ್ರಿ. ನಡುನಡುವ ಎದ್ದು ಅಡ್ಡಾಡಿದವ್ರಿಗೆ ಬರೂದಿಲ್ರಿ."

ಸಾಹೇಬರ ಕಣ್ಣು ಮೆಲ್ಲಗೆ ಬಾಗಿಲಾಚೆಯ ದಾದಾಪೀರನ ಮೇಜಿನ ಕಡೆ ಹೋಯಿತು. ಅಲ್ಲಿಂದ ಆರು ಹೆಜ್ಜೆ ದೂರದ ಫೈಲಿನ ಕಪಾಟಿನ ಕಡೆ ಹೋಯಿತು.

"ಅಂದ್ರ ವರ್ಷಾತು, ನೀವು ಒಂದು ಫೈಲೂ ತಗಿಯಾಕ ಎದ್ದಿಲ್ಲ?"

ಉತ್ತರ ಆಗಲೇ ಸರ್ಟಿಫಿಕೇಟಿನಲ್ಲಿತ್ತು, ಸೀಲು ಸಮೇತ.

ಬಿಲ್ಲು ಅಲ್ಲೇ ಪಾಸಾಯಿತು. ಅಷ್ಟಕ್ಕೇ ಮುಗಿಯಲಿಲ್ಲ. "ಜೋಮು", "ಸೆಳೆತ", "ವಾಯು" ಎಂದೆಲ್ಲ ಬರೆಸಿಕೊಂಡು ಆಕ್ಷೇಪಣೆಯಲ್ಲಿ ಕೊಳೆಯುತ್ತಿದ್ದ ಮೂವತ್ತೊಂದು ಬಿಲ್ಲುಗಳನ್ನು ಸಾಹೇಬರು ಹೊರಗೆ ತೆಗೆಸಿದರು. ಹೆಚ್ಚಿನವು ಮುಮ್ತಾಜಬಿಯ ಆಸ್ಪತ್ರೆಯವೇ. ನಂಬರು ಹಚ್ಚಿ ಕೊಡುತ್ತೀರಾ ಎಂದು ವಿನಯದಿಂದ ಕೇಳಿದರು. ಕಳಿಸಿಕೊಡ್ರಿ ಎಂದಳು. ಮಧ್ಯಾಹ್ನದೊಳಗೆ ಆದೇಶ ಹೊರಬಿತ್ತು: "ಶ್ರೀ ದಾದಾಪೀರ ಇವರಿಗೆ ವೈದ್ಯಕೀಯವಾಗಿ ನಡಿಗೆ ಅವಶ್ಯವೆಂದು ಕಂಡುಬಂದಿರುವುದರಿಂದ, ಇವರನ್ನು ತಕ್ಷಣದಿಂದ ಟಪಾಲು ಶಾಖೆಗೆ ನಿಯೋಜಿಸಿದೆ."

ಮುಂದಿನ ಬುಧವಾರ ದಾದಾಪೀರ ಮೂವತ್ತೊಂದು ಬಿಲ್ಲಿನ ಕಟ್ಟು ಬಗಲಲ್ಲಿಟ್ಟುಕೊಂಡು, ಕಾಲಿಗೆ ಪಟ್ಟಿ ಕಟ್ಟಿಕೊಂಡು ಆಸ್ಪತ್ರೆಗೆ ಬಂದ. ರೆಕಾರ್ಡು ಕೋಣೆಯ ಮುಂದೆ ಹತ್ತು ಹನ್ನೆರಡು ಜನರ ಸಾಲು. ಗಂಡನೆಂಬ ಸಲಿಗೆಯಿಂದ ನೇರ ಕಿಟಕಿಗೆ ಹೋಗಿ ನಕ್ಕ.

"ಪಾಳಿ ಹಚ್ರಿ," ಎಂದಳು ಮುಮ್ತಾಜಬಿ, ಪುಸ್ತಕದಿಂದ ತಲೆ ಎತ್ತದೆ.

ದಾದಾಪೀರ ಸಾಲಿನ ತುದಿಗೆ ಬಂದು ನಿಂತ. ಅವನ ಮುಂದಿದ್ದ ಹಲಗೇರಿಯ ಮುದುಕ ಗಿರಿಯಪ್ಪ ಹೊರಳಿ ನೋಡಿ, ಮಾತಿಗೆ ಜನ ಸಿಕ್ಕಿತೆಂದು ಖುಷಿಯಾದ.

"ಆ ಬಾಯಿ ಭಾಳ ಶಾಣ್ಯಾಕಿ ನೋಡ್ರಿ. ನನ್ನ ಹಿಂದಿನ ಬಿಲ್ಲಿಗೆ ಆರು ತಿಂಗಳ ಅಡ್ಡಾಡಿಸಿದ್ರು. ಆಕಿ ಒಂದು ನಂಬರ ಹಾಕಿದ್ಲು, ಮುಗೀತು. ಆಕಿ ಗಂಡ ಏನ್ ಪುಣ್ಯಾ ಮಾಡಿದ್ನೋ ಏನೋ! ಆಂವ ಏನ್ ಮಾಡ್ತಾನಂತ್ರಿ?"

"ಆಕಿ ಟಪಾಲ ಹೊರತಾನ್ರಿ," ಎಂದ ದಾದಾಪೀರ, ಮತ್ತು ಸಾಲಿನ ಜೊತೆ ಒಂದು ಹೆಜ್ಜೆ ಮುಂದೆ ಸರಿದ.