ನಾಲ್ಕು ಬೆರಳು ಮುಂದೆ ಬಂದ ಚಕ್ರ

ಮಾನ್ಯ ಸಲಕರಣೆ ಪರಿಶೀಲನಾಧಿಕಾರಿಗಳೇ,

ಆಂಧ್ರದ ಗಡಿಯೂರು ರಾಯದುರ್ಗದ ಜೀನ್ಸ್ ಹೊಲಿಯುವ ಶೆಡ್ಡೊಂದರಲ್ಲಿ ದಾರ ಕತ್ತರಿಸುವ ಶಿವಲೀಲಾ, ಗಾಲಿಕುರ್ಚಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎರಡೂ ಕೈಗಳನ್ನು ಚಕ್ರಗಳಿಂದ ತೆಗೆದು ಮುಗಿದು ಮಾಡುವ ನಮಸ್ಕಾರಗಳು.

ಒಂದೆಡೆ ಕೂರಲಾರದೆ ಒಂಬತ್ತನೇ ತರಗತಿ ಬಿಟ್ಟವಳು ನಾನು. ಎರಡು ವರ್ಷದ ಹಿಂದೆ ಗೂಡ್ಸ್ ಆಟೋದಲ್ಲಿ ಬಟ್ಟೆಯ ಗಂಟುಗಳ ಮೇಲಿಂದ ಬಿದ್ದು ಬೆನ್ನುಹುರಿಗೆ ಏಟಾದ ಮೇಲೆ ದಿನವಿಡೀ ಕೂತೇ ಇರುತ್ತೇನೆ. ನಮ್ಮ ಲೆಕ್ಕದ ಮೇಷ್ಟ್ರು ಕೇಳಿದರೆ ಸಂತೋಷಪಟ್ಟಾರು.

ಶಿಬಿರದಲ್ಲಿ ತಾವು ದಯಪಾಲಿಸಿದ ಗಾಲಿಕುರ್ಚಿಯ ಸಮದೃಷ್ಟಿಯನ್ನು ಎಷ್ಟು ಹೊಗಳಿದರೂ ಸಾಲದು. ಅಂದೇ ಕುರ್ಚಿ ಪಡೆದ ಕಣೇಕಲ್ಲಿನ ಆರಡಿಯ ಎರ್ರಪ್ಪನಿಗೂ, ಅವನ ಎದೆಮಟ್ಟಕ್ಕೆ ಬರುವ ನನಗೂ ಒಂದೇ ಅಳತೆ. ಒಂದೇ ಸೊಂಟದ ಅಳತೆಯಲ್ಲಿ ಇಡೀ ಜಿಲ್ಲೆಗೆ ಪ್ಯಾಂಟು ಹೊಲಿಯುವ ಧೈರ್ಯ ನಮ್ಮ ಊರಿನ ಯಾವ ಶೆಡ್ಡಿಗೂ ಇನ್ನೂ ಬಂದಿಲ್ಲ.

ಅದರ ದೊಡ್ಡ ಚಕ್ರಗಳು ಎಷ್ಟು ಹಿಂದಿದ್ದವೆಂದರೆ, ಬೆನ್ನು ಕೆರೆದುಕೊಳ್ಳುವವಳಂತೆ ಕೈ ಹಿಂದೆ ಚಾಚಿ ನೂಕಬೇಕಿತ್ತು. ಮನೆಯಿಂದ ಶೆಡ್ಡಿಗೆ ಆರುನೂರ ಹದಿನೆಂಟು ನೂಕು. ತಲುಪುವಷ್ಟರಲ್ಲಿ ಕತ್ತರಿ ಹಿಡಿಯಲು ಭುಜ ಒಪ್ಪುತ್ತಿರಲಿಲ್ಲ. ಆಯುಧಪೂಜೆಯ ದಿನ ಹೊಲಿಗೆ ಮಷಿನ್ನುಗಳ ಮೆಕ್ಯಾನಿಕ್ ಜುಂಜಣ್ಣ ಕುರ್ಚಿಯನ್ನೂ ಬಿಚ್ಚಿ, ಮುಂದಿನ ಪುಟ್ಟ ಗಾಲಿಗಳಿಗೆ ಸುತ್ತಿಕೊಂಡಿದ್ದ ಒಂದು ಹಿಡಿ ದಾರ ತೆಗೆದ. ಅದು ನನ್ನದೇ ತಪ್ಪು, ಒಪ್ಪಿದ್ದೇನೆ. ನಮ್ಮ ಮೇಸ್ತ್ರಿ ಚಿನ್ನಕ್ಕ ಭಕ್ತಿಯಿಂದ ಎಲ್ಲ ಮಷಿನ್ನುಗಳ ಜೊತೆಗೆ ನಾನು ಹಿಡಿದು ನೂಕುವ ಚಕ್ರದ ಬಳೆಗೂ ಎಣ್ಣೆ ಹಚ್ಚಿದ್ದರಿಂದ, ಆ ಸಂಜೆ ಏರಿನಲ್ಲಿ ಕೈ ಮಾತ್ರ ಮುಂದೆ ಹೋಯಿತು, ಕುರ್ಚಿ ಹಿಂದಕ್ಕೆ ಬಂತು. ಜುಂಜಣ್ಣ ಬಳೆಗೆ ಜೀನ್ಸ್ ಪಟ್ಟಿ ಸುತ್ತಿ, ಚಕ್ರಗಳನ್ನು ನಾಲ್ಕು ಬೆರಳು ಮುಂದಕ್ಕೆ ತಂದ. ಈಗ ನಾನೂರ ಮೂವತ್ತು ನೂಕು. ಒಮ್ಮೆ ಹಿಂದಕ್ಕೆ ಮಗುಚಿದ್ದೂ ನಿಜ. ಆಮೇಲೆ ಹಿಂಬದಿಗೆ ಎರಡು ಸಣ್ಣ ಆನಿಕೆ ಗಾಲಿ ಬಂದವು.

ಇದನ್ನೆಲ್ಲ ಮೊನ್ನೆಯ ಪರಿಶೀಲನಾ ಶಿಬಿರದಲ್ಲಿ ಒಂದೇ ನೋಟಕ್ಕೆ ಕಂಡ ತಮ್ಮ ಕಣ್ಣು ಸಾಮಾನ್ಯದ್ದಲ್ಲ. ‘ರೂಪ ಬದಲಿಸಲಾಗಿದೆ, ಹದಿನೈದು ದಿನದಲ್ಲಿ ಮೊದಲಿನಂತೆ ಮಾಡಿ, ಇಲ್ಲವೇ ಹಿಂದಿರುಗಿಸಿ, ಮತ್ತೆ ತಪಾಸಣೆಗೆ ಬರುತ್ತೇವೆ’ ಎಂಬ ತಮ್ಮ ತೆಲುಗು ನೋಟಿಸು ತಲುಪಿದೆ. ಹಿಂದಿರುಗಿಸಿದರೆ, ಅಣ್ಣ ಎತ್ತಿಕೊಂಡಾಗ ಮಾತ್ರ ಹೊಸಿಲು ದಾಟುವವಳು ನಾನು.

ಚಿನ್ನಕ್ಕ ಸುಲಭದ ದಾರಿ ಹೇಳಿದಳು: "ತಪಾಸಣಿ ದಿನ ಹಿಂದಕ್ಕ ಹಾಕ್ಸು, ಅವ್ರು ಹೋದ ಮ್ಯಾಲ ಮುಂದಕ್ಕ ತರ್ಸು. ಅದ್ರಾಗೇನೈತಿ?" ಅರ್ಧ ಗಂಟೆಯ ಕೆಲಸ. ಆದರೆ ಆ ಸುಳ್ಳು ನನ್ನಿಂದಾಗದು. ಚಕ್ರ ಇದ್ದಲ್ಲೇ ಇರುತ್ತದೆ, ತಾವು ಬಂದ ದಿನವೂ.

ನಿಯಮ ಸಡಿಲಿಸಲಾಗದಿದ್ದರೆ, ಸರ್ಕಾರಿ ಖರ್ಚಿನಲ್ಲಿ ನನ್ನ ಭುಜಗಳನ್ನು ನಾಲ್ಕು ಬೆರಳು ಹಿಂದಕ್ಕೆ ಜೋಡಿಸಿಕೊಡಬೇಕು. ಅದೂ ಕಷ್ಟವೆಂದರೆ, ನಮ್ಮ ದಾರಿ ಹೋಗುವಾಗಲೂ ಬರುವಾಗಲೂ ಇಳಿಜಾರಾಗಿರುವಂತೆ ಆದೇಶ ಹೊರಡಿಸಬೇಕು. ಎರಡೂ ಆಗದಿದ್ದರೆ, ಒಂದು ದಿನ ತಾವೇ ಮೊದಲಿನ ಅಳತೆಯ ಕುರ್ಚಿಯಲ್ಲಿ ಶೆಡ್ಡಿನವರೆಗೆ ಬನ್ನಿ. ನಾನು ನನ್ನದರಲ್ಲಿ ಪಕ್ಕದಲ್ಲೇ ಬಂದು ನೂಕು ಎಣಿಸುತ್ತೇನೆ. ಬೇಕಾದರೆ ನಿಧಾನವಾಗಿ ಬರುತ್ತೇನೆ.

ಏರಿನಲ್ಲೂ ಇಳಿಜಾರಿನಲ್ಲೂ ತಮ್ಮ ವಿಶ್ವಾಸಿ,
ಶಿವಲೀಲಾ

ಮರೆತ ಮಾತು: ಪರಿಶೀಲನಾ ಶಿಬಿರದ ದಿನ ತಾವು ಕೂತಿದ್ದ ಸರ್ಕಾರಿ ಕುರ್ಚಿಯ ಒಂದು ಕಾಲಿನಡಿ ಮಡಚಿದ ರಟ್ಟು ಇತ್ತು. ನಾನು ಕೂತಿದ್ದ ಎತ್ತರಕ್ಕೆ ಅದು ಚೆನ್ನಾಗಿ ಕಂಡಿತು. ಅಲುಗಾಡುವ ಕುರ್ಚಿಯಲ್ಲಿ ಕೂತು ಕೆಲಸ ಮಾಡುವುದು ಎಷ್ಟು ಕಷ್ಟವೆಂದು ಬಲ್ಲೆ; ಆದ್ದರಿಂದ ಯಾರಿಗೂ ದೂರು ಕೊಟ್ಟಿಲ್ಲ.