ಹೊಳೆವ್ವನ ಹರಕೆ, ಸವಿತಾಳ ಮೈ

ತಿಳವಳ್ಳಿಯ ಹೊಳೆವ್ವನನ್ನು ಅವಳ ಎಪ್ಪತ್ತೆರಡು ವರ್ಷದಲ್ಲಿ ಎಮ್ಮೆಯ ಕೆಚ್ಚಲಿನ ಬಗ್ಗೆ, ಉಪ್ಪಿನಕಾಯಿಯ ಬಗ್ಗೆ, ಯಾರ ಮನೆಯ ಹೆಣ್ಣನ್ನು ಯಾವ ಊರಿಗೆ ಕೊಟ್ಟರು ಎಂಬುದರ ಬಗ್ಗೆ ಜನ ಕೇಳಿದ್ದುಂಟು. ಇಂಗ್ಲಿಷಿನ ಬಗ್ಗೆ ಯಾರೂ ಕೇಳಿರಲಿಲ್ಲ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳನ್ನು ಕೇಳುವುದಾದರೂ ಏನು? ಹಾಗಾಗಿ ಮೊಮ್ಮಗಳು ಭಾಗ್ಯಶ್ರೀ ಒಂದು ಮಧ್ಯಾಹ್ನ ನೋಟುಬುಕ್ಕು ಹಿಡಿದು ಬಂದು ಪಡಸಾಲೆಯಲ್ಲಿ ಎದುರಿಗೆ ಕುಳಿತಾಗ ಹೊಳೆವ್ವ ಸೆರಗು ಸರಿಮಾಡಿಕೊಂಡು, ಪಂಚಾಯ್ತಿಗೆ ಕರೆಸಿಕೊಂಡವರ ಹಾಗೆ ನೆಟ್ಟಗೆ ಕುಳಿತಳು.

ಭಾಗ್ಯಶ್ರೀ ಹತ್ತನೇ ತರಗತಿಯಲ್ಲಿ ಎಲ್ಲ ವಿಷಯ ದಾಟಿ ಇಂಗ್ಲಿಷಿನಲ್ಲಿ ಉಳಿದಿದ್ದಳು. ಎರಡನೇ ಪರೀಕ್ಷೆಗೆ ಇಪ್ಪತ್ತು ದಿನವಿತ್ತು. ಈ ಸಲವೂ ಹೋದರೆ ಹಾನಗಲ್ಲಿನ ಕಾಲೇಜಿಲ್ಲ, ಹೊಲಿಗೆ ಮಷೀನೇ ಗತಿ ಎಂದು ಅವಳ ಅಪ್ಪ ಸುಭಾಸ ಖಡಾಖಡಿ ಹೇಳಿಬಿಟ್ಟಿದ್ದ.

"ಆಯಿ, ಟ್ಯೂಷನ್ನಿನ ಹಾಲೇಶ ಸರ್ ಮನ್ಯಾಗಿನ ಮಾತಿನಿಂದನ ವಾಕ್ಯ ಮಾಡ್ಕೊಂಡು ಬಾ ಅಂದಾರ. ಹಿಂಗಾದ್ರ ಹಂಗ ಮಾಡ್ತೇನಿ ಅನ್ನೋ ವಾಕ್ಯ. ಇಫ್ ಅಂತಾರ ಅದಕ್ಕ."

ಹೊಳೆವ್ವನಿಗೆ ನಗು ಬಂತು. "ಇದಕ್ಕೇನು ಇಂಗ್ಲಿಷ್ ಬೇಕ? ಇದು ಹರಕಿ."

"ಹರಕಿ ಅಲ್ಲ ಆಯಿ, ಗ್ರಾಮರ್."

"ಹೆಸರು ಬ್ಯಾರೆ ಇರಬಹುದು. ಎಮ್ಮಿ ಸುಸೂತ್ರ ಈದ್ರ ಐದು ಮಂಗಳವಾರ ಒಪ್ಪತ್ತು. ಬೋರಿಗೆ ನೀರು ಬಿದ್ರ ತಲಿಕೂದ್ಲ. ಬರಕೊ."

ಭಾಗ್ಯಶ್ರೀ ಬರೆದುಕೊಂಡಳು. ಆಮೇಲೆ ಎರಡನೇ ಬಗೆಯನ್ನು ಹೇಳಿದಳು: ನಾನು ಹಕ್ಕಿಯಾಗಿದ್ದರೆ ಹಾರುತ್ತಿದ್ದೆ.

"ಆಗಾಂಗಿಲ್ಲಲ್ಲ," ಎಂದಳು ಹೊಳೆವ್ವ. "ಇದನ್ನ ದ್ಯಾಮವ್ವ ದೇವಿ ಮುಂದ ಹೇಳಬಾರದು. ಆಕಿಗೂ ಕೆಲಸ ಇರತಾವ."

ಮೂರನೆಯದು: ಚೆಂದಾಗಿ ಓದಿದ್ದರೆ ಪಾಸಾಗಿರುತ್ತಿದ್ದೆ.

ಹೊಳೆವ್ವ ತಲೆ ಅಲ್ಲಾಡಿಸಿದಳು. "ಅದು ಗುಡಿ ಬಾಗಿಲಾ ಹಾಕಿದ ಮ್ಯಾಲೆ ಕಾಯಿ ತಗೊಂಡು ಹೋದಂಗ. ನೀ ಮೊದಲನೇದ ಗಟ್ಟಿ ಮಾಡ."

ಹತ್ತು ದಿನ ಗಟ್ಟಿ ಮಾಡಿಸಿದಳು. ಹೊಳೆವ್ವನ ಬಳಿ ಹರಕೆಗಳ ದಾಸ್ತಾನು ದೊಡ್ಡದು. ಗಂಡ ಗುದ್ಲೆಪ್ಪ ತೀರಿಕೊಂಡ ಮೇಲೆ ಈ ಮನೆಯ ಪರವಾಗಿ ದೇವರೊಡನೆ ಮಾತುಕತೆ ನಡೆಸುವ ಅಧಿಕಾರ ಅವಳೊಬ್ಬಳದೇ ಆಗಿತ್ತು. ಯಾವ ಹರಕೆ ಯಾವ ವರ್ಷ, ಆ ದಿನ ಮಳೆಯಿತ್ತೋ ಬಿಸಿಲೋ, ಎಲ್ಲ ನೆನಪು. ಒಂದನ್ನು ಮಾತ್ರ ಅವಳು ಯಾವತ್ತೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವಳ ಮೊಣಕಾಲು ಹದಿನೆಂಟು ವರ್ಷದಿಂದ ಕೈಕೊಟ್ಟಿದ್ದವು. ಅಂದಿನಿಂದ ಹರಕೆ ಹೊರುವವಳು ಹೊಳೆವ್ವ, ತೀರಿಸುವವರು ಉಳಿದವರು. ಆ ಐದು ಮಂಗಳವಾರ ಉಪವಾಸವಿದ್ದದ್ದು ಸೊಸೆ ಸವಿತಾ. ಬೋರಿನ ನೀರಿಗೆ ತಲೆ ಬೋಳಿಸಿಕೊಂಡದ್ದು ಸುಭಾಸ. ಸುಭಾಸನಿಗೆ ಕಾಮಾಲೆಯಾದಾಗ ಬರಿಗಾಲಲ್ಲಿ ಮೂರು ಊರು ನಡೆದದ್ದು ಮತ್ತೆ ಸವಿತಾ. (ಮನೆಯ ಹಿರಿಯಳು ಮನೆಮಂದಿಯ ಹೆಸರಿನಲ್ಲಿ ಹೊತ್ತರೆ ದೇವರು ಒಪ್ಪುತ್ತಾಳೆ ಎಂಬುದು ಆ ಓಣಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಓಣಿಯ ಸೊಸೆಯಂದಿರನ್ನು ಯಾರೂ ಕೇಳಿರಲಿಲ್ಲ.)

ಈ ಸಲದ ಹರಕೆ ಹೊರಬಿದ್ದದ್ದು ನೋಟುಬುಕ್ಕಿನಿಂದ. ರೊಟ್ಟಿ ಬಡಿಯುತ್ತಿದ್ದ ಸವಿತಾಳ ಪಕ್ಕದಲ್ಲಿ ಕುಳಿತು ಭಾಗ್ಯಶ್ರೀ ಗಟ್ಟಿಯಾಗಿ ಓದಿದಳು: ಇಫ್ ಐ ಪಾಸ್, ಮೈ ಮದರ್ ವಿಲ್...

"ಮುಂದ?" ಎಂದಳು ಸವಿತಾ.

"ದೀಡ ನಮಸ್ಕಾರಕ್ಕ ಇಂಗ್ಲಿಷಿನ್ಯಾಗ ಏನಂತಾರ ಗೊತ್ತಿಲ್ಲವ್ವಾ. ಹಂಗ ಬರದೇನಿ."

ಸವಿತಾ ಹಿಟ್ಟಿನ ಕೈಯಲ್ಲೇ ಪಡಸಾಲೆಗೆ ಬಂದಳು. "ಅತ್ಯಾರ, ಇದೇನ್ರಿ?"

"ನಿನ್ನ ಮಗಳ ಸಲುವಾಗೇ ಹೊತ್ತೇನಿ. ಆಕಿ ಪಾಸಾದ್ರ ಮನಿಯಿಂದ ದ್ಯಾಮವ್ವನ ಗುಡಿತನಾ ಮೈಯುದ್ದ ಬಿದ್ದು ದೀಡ ನಮಸ್ಕಾರ."

"ಬೇಡ್ಕೊಂಡಾಕಿ ನೀವು. ಬೀಳಾಕಿ ನಾನು."

"ನನ್ನ ಮೊಣಕಾಲು ಬಗ್ಗಿದ್ರ ನಾನ ಬೀಳ್ತಿದ್ದೆ."

"ಅದು ಎರಡನೇ ಬಗಿ ಆಯಿ," ಎಂದಳು ಭಾಗ್ಯಶ್ರೀ.

"ನೀ ಓದ," ಎಂದರು ಇಬ್ಬರೂ ಒಟ್ಟಿಗೆ.

ಸವಿತಾ ಜಗಳ ಮುಂದುವರಿಸಲಿಲ್ಲ. ಒಳಗೆ ಹೋಗಿ ಉಳಿದ ರೊಟ್ಟಿ ಬಡಿದಳು. ಜಗಳವಾಡಿದ್ದರೆ ಹೊಳೆವ್ವನಿಗೆ ಸಮಾಧಾನವಿರುತ್ತಿತ್ತು. ಮರುದಿನ ಬೆಳಿಗ್ಗೆ ಸೊಸೆ ತಲೆಸ್ನಾನ ಮಾಡಿ, ಒಂದು ಕಾಯಿ ಹಿಡಿದು ಒಬ್ಬಳೇ ಗುಡಿಗೆ ಹೋಗಿ ಬಂದಾಗ ಹೊಳೆವ್ವ ಬಾಗಿಲಿಗೇ ಎದ್ದು ಬಂದಳು. ಹುಡುಗಿ ಪಾಸಾದರೆ ಮೈ ಸವೆಯುವುದು ಯಾರದು? ತಾಯಿಯೇ ದೇವರ ಹತ್ತಿರ ಉಲ್ಟಾ ಅರ್ಜಿ ಕೊಟ್ಟು ಬಂದಿದ್ದರೆ?

"ಏನು ಬೇಡ್ಕೊಂಡೆವಾ?"

"ಮಗಳು ಪಾಸಾಗಲಿ ಅಂತ."

"ಅದನ್ನ ನಾ ಆಗಲೇ ಬೇಡೇನಲ್ಲ."

"ನಾನೂ ಒಂದ ಮಾತು ಹಾಕಿ ಬಂದೇನ್ರಿ," ಎಂದು ಸವಿತಾ ಪ್ರಸಾದ ಕೈಗಿಟ್ಟಳು. ಒಲೆಯ ಕಡೆ ನಡೆದಳು.

ಅಂದಿನಿಂದ ಹೊಳೆವ್ವ ಕಾವಲು ಕುಳಿತಳು. ಸವಿತಾ ಮಗಳನ್ನು ನೀರಿಗೆ ಕಳಿಸಿದರೆ ಅನುಮಾನ. ಓದು ಸಾಕು, ಉಣ್ಣು ಎಂದರೆ ಅನುಮಾನ. ಆದರೆ ಪರೀಕ್ಷೆಯ ದಿನ ಬಸ್ಸಿನಲ್ಲಿ ಮಗಳ ಜೊತೆ ಹಾನಗಲ್ಲಿಗೆ ಹೋಗಿ, ಮೂರು ತಾಸು ಬೇವಿನ ಮರದ ಕೆಳಗೆ ಕಾದು ಬಂದದ್ದು ಸವಿತಾಳೇ.

ಜೂನ್ ತಿಂಗಳಲ್ಲಿ ಫಲಿತಾಂಶ ಮೊಬೈಲಿಗೆ ಬಂತು. ಇಂಗ್ಲಿಷಿಗೆ ಐವತ್ತೆರಡು. ಸುಭಾಸ ಪೇಢೆ ತರಲು ಹೋದ. ಭಾಗ್ಯಶ್ರೀ ಅತ್ತಳು. ಹೊಳೆವ್ವನೂ ಅತ್ತಳು. ಕಣ್ಣೊರೆಸಿಕೊಂಡ ಮೇಲೆ ಸೊಸೆಯ ಮುಖ ನೋಡುವ ಧೈರ್ಯ ಅವಳಿಗೆ ಬರಲಿಲ್ಲ.

"ಮಂಗಳವಾರ ಮಾಡೂಣ್ರಿ," ಎಂದಳು ಸವಿತಾ ತಾನಾಗಿಯೇ.

ಮಂಗಳವಾರ ನಸುಕಿನಲ್ಲೇ ಹೊರಟರು. ಒದ್ದೆ ಸೀರೆಯಲ್ಲಿ ಸವಿತಾ ಮೈಯುದ್ದ ನೆಲಕ್ಕೆ ಬೀಳುವುದು, ಕೈ ಮುಟ್ಟಿದಲ್ಲಿ ಭಾಗ್ಯಶ್ರೀ ಬೇವಿನ ಕಡ್ಡಿಯಿಂದ ಗೆರೆ ಎಳೆಯುವುದು, ಸವಿತಾ ಎದ್ದು ಆ ಗೆರೆಯ ಮೇಲೆ ನಿಂತು ಮತ್ತೆ ಬೀಳುವುದು. ಪಂಚಾಯ್ತಿಯವರು ಅದೇ ವಾರ ರಸ್ತೆಗೆ ಜಲ್ಲಿಕಡಿ ಹಾಸಿದ್ದರು. ಹೊಳೆವ್ವ ಕೋಲೂರಿಕೊಂಡು ಪಕ್ಕದಲ್ಲಿ ನಡೆಯುತ್ತ ತಂಬಿಗೆಯಿಂದ ನೀರು ಚಿಮುಕಿಸುತ್ತಿದ್ದಳು. ಹಿಟ್ಟಿನ ಗಿರಣಿ ದಾಟುವ ಹೊತ್ತಿಗೆ ಸೊಸೆಯ ಮೊಣಕೈ ಕೆಂಪಾಗಿದ್ದವು. ಹದಿನೆಂಟು ವರ್ಷದಲ್ಲಿ ಹರಕೆ ತೀರುವುದನ್ನು ಹೊಳೆವ್ವ ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು. ಎರಡು ಸಲ ಸಾಕು ಎನ್ನಬೇಕೆನಿಸಿತು. ಹರಕೆಯ ನಡುವೆ ಸಾಕು ಎನ್ನುವಂತಿಲ್ಲ; ಆ ಕಟ್ಟಳೆಯನ್ನೂ ಊರಿಗೆಲ್ಲ ಹೇಳಿಕೊಟ್ಟವಳು ತಾನೇ.

ಗುಡಿಯ ಮುಂದೆ ಕೊನೆಯ ನಮಸ್ಕಾರ ಮುಗಿಸಿ ಸವಿತಾ ಎದ್ದು ನಿಂತಳು. ಪೂಜಾರಿ ಮೈಲಾರಲಿಂಗಪ್ಪ ಹಣೆಗೆ ಭಂಡಾರದ ಅರಿಶಿನ ಹಚ್ಚಿದ. ಓಣಿಯ ಹೆಂಗಸರು ಸುತ್ತ ಸೇರಿದ್ದರು.

"ಇನ್ನೊಂದು ಹರಕಿ ಐತ್ರಿ ಪೂಜಾರಿ," ಎಂದಳು ಸವಿತಾ, ಉಸಿರು ಹಿಡಿಯುತ್ತ. "ಅವತ್ತು ನಾ ಹೊತ್ತಿದ್ದು. ಭಾಗ್ಯಾ ಪಾಸಾದ್ರ, ನಮ್ಮ ಅತ್ಯಾರು ಇನ್ನ ಮ್ಯಾಲೆ ಯಾರ ಸಲುವಾಗಿ ಹರಕಿ ಹೊತ್ರೂ ತಮ್ಮ ಮೈಯಿಂದನ ತೀರಸ್ತಾರ ಅಂತ."

ಹೊಳೆವ್ವ ತಂಬಿಗೆ ಕೆಳಗಿಟ್ಟಳು. "ನನ್ನ ಒಂದ ಮಾತು ಕೇಳದ ನನ್ನ ಹೆಸರ್ಲೆ ಹೆಂಗ ಹೊತ್ತಿ ನೀನು?"

ಪೂಜಾರಿ ಭಂಡಾರದ ಬಟ್ಟಲನ್ನು ನೋಡುತ್ತ ನಿಂತ. ಹೆಂಗಸರಲ್ಲಿ ಒಬ್ಬಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸವಿತಾ ಬರೀ ತನ್ನ ಮೊಣಕೈಗಂಟಿದ ಕಡಿಯನ್ನು ಒಂದೊಂದಾಗಿ ತೆಗೆಯುತ್ತಿದ್ದಳು. ತಾನು ಆಡಿದ ಮಾತು ಹೊಳೆವ್ವನ ಕಿವಿಗೆ ಆಗ ಪೂರ್ತಿಯಾಗಿ ಬಿತ್ತು.

"ಹಚ್ಚಪಾ ನನಗೂ," ಎಂದು ಹಣೆ ಮುಂದೆ ಮಾಡಿದಳು. ಪೂಜಾರಿ ಹಚ್ಚಿದ.

ಮುಂದಿನ ವಾರ ಮಳೆ ಸ್ವಲ್ಪ ಹಿಂದೆ ಮುಂದೆ ಮಾಡಿತು. ಗೋವಿನಜೋಳದ ಬೀಜ ತಂದಿಟ್ಟುಕೊಂಡ ಸುಭಾಸ ಅವ್ವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಗುಡಿಗೆ ಕರೆತಂದ. ಹೊಳೆವ್ವ ದ್ಯಾಮವ್ವನ ಎದುರು ಕೈಮುಗಿದು ನಿಂತಳು. ಮಳಿ ಬಂದ್ರ, ಎಂದು ಶುರು ಮಾಡಿದಳು. ಸುಭಾಸನ ಹೆಸರು ನಾಲಿಗೆಯ ತುದಿಗೆ ಬಂತು, ನುಂಗಿದಳು. ಸವಿತಾಳ ಹೆಸರು ಬರಲೇ ಇಲ್ಲ. ಒಪ್ಪತ್ತು ಎಂದರೆ ಸಕ್ಕರೆ ರೋಗದ ಗುಳಿಗೆ ನೆನಪಾಯಿತು, ಬರಿಗಾಲು ಎಂದರೆ ಒಡೆದ ಹಿಮ್ಮಡಿ. ದೀಡ ನಮಸ್ಕಾರದ ಮಾತೇ ಬೇಡ. ಮುಗಿದ ಕೈ ನೋಯುವಷ್ಟು ಹೊತ್ತು ನಿಂತಳು.

"ಏನಂತ ಹೊತ್ತಿ ಬೇ?" ಎಂದ ಸುಭಾಸ, ಗಾಡಿ ಚಾಲೂ ಮಾಡುತ್ತ.

ಹೊಳೆವ್ವ ಅವನ ಹೆಗಲು ಹಿಡಿದು ಹತ್ತಿ ಕುಳಿತಳು.

"ಬಂದ್ರ ಬರ್ಲಿ ಅಂತ ಹೇಳಿ ಬಂದೇನಿ. ನಡಿ."