ಹತ್ತು ಮೂಗಿನ ರೋಜಾ

ನಾನಿದ್ದ ಕಡೆ ಏನಾದರೊಂದು ನಡೆದೇ ನಡೆಯುತ್ತದೆ. ನಡೆಯುವುದಲ್ಲ, ನೀವೇ ನಡೆಸುವುದು ಅನ್ನುತ್ತಾಳೆ ನನ್ನ ಹೆಂಡತಿ. ಅದು ಪೂರ್ತಿ ನಿಜವಲ್ಲ, ಮುಕ್ಕಾಲು ನಿಜ. ಕೆಳಗೆ ಬರೆದಿರುವುದನ್ನೂ ಅದೇ ಲೆಕ್ಕದಲ್ಲಿ ಓದಿಕೊಳ್ಳಿ.

ಹೊಸೂರಿಗೆ ಆಗತಾನೇ ಫ್ಯಾಕ್ಟರಿಗಳು ಒಂದೊಂದಾಗಿ ಬರುತ್ತಿದ್ದವು. ನಾನು ದನದ ಆಸ್ಪತ್ರೆಯಲ್ಲಿ ಕಾಂಪೌಂಡರು. ಅವಲಪಲ್ಲಿ ಕಡೆ ನಮ್ಮ ಬೀದಿಯ ಕೊನೇ ಮನೆ ಡ್ರಾಯಿಂಗ್ ಮೇಷ್ಟ್ರದು. ಅವರಿಗೆ ಎರಡೇ ಚಟ, ನಶ್ಯ ಮತ್ತು ರೋಜಾ. ಮೊದಲನೆಯದು ಎರಡನೆಯದಕ್ಕೆ ಕಲ್ಲು ಹಾಕಿತ್ತು. ನಶ್ಯ ಏರಿಸಿ ಏರಿಸಿ ಮೂಗು ಸತ್ತೇ ಹೋಗಿತ್ತು. ಪಕ್ಕದಲ್ಲೇ ಹಾಲು ಸೀದು ಪಾತ್ರೆ ಕಪ್ಪಾದರೂ ಅವರಿಗೆ ತಿಳಿಯುತ್ತಿರಲಿಲ್ಲ. ಅಂಥವರು ಹುಟ್ಟಿಸಲು ಹೊರಟಿದ್ದು ಘಮಘಮ ಅನ್ನುವ ಹೊಸ ರೋಜಾ ತಳಿ.

ಕಾರಣ ಅವರ ಹೆಂಡತಿ. ಬೀದಿಗೆಲ್ಲ ಆಕೆ ಅಕ್ಕ. ತವರು ಬೇರಿಕೆ. ಹೆಣ್ಣು ನೋಡಲು ಹೋದ ದಿನ ಮೇಷ್ಟ್ರು ನಾಚಿಕೆಯಿಂದ ಕತ್ತೇ ಎತ್ತಲಿಲ್ಲವಂತೆ. ಹುಡುಗಿ ಕಾಫಿ ಕೊಟ್ಟು ತಿರುಗಿದಾಗ ಜಡೆಯಲ್ಲಿದ್ದ ನಾಟಿ ರೋಜಾದ ವಾಸನೆ ಬಂತು. ಮುಖ ನೋಡದೆಯೇ ಒಪ್ಪಿಗೆ ಅಂದುಬಿಟ್ಟರು. ಆ ಗಿಡ ಹುಡುಗಿ ಮನೆ ಹಿತ್ತಲಲ್ಲಿತ್ತು. ಅಕ್ಕನ ಅಣ್ಣತಮ್ಮಂದಿರು ಪಾಲಾದಾಗ ನಡುವೆ ಎದ್ದ ಗೋಡೆ ಸರಿಯಾಗಿ ಗಿಡದ ಮೇಲೇ ಬಂತು. "ಅದೇ ವಾಸನೆ ನಿನಗೆ ಬೆಳೆದುಕೊಡ್ತೀನಿ" ಅಂತ ಮೇಷ್ಟ್ರು ಮಾತು ಕೊಟ್ಟರು. ಅಂದಿನಿಂದ ಅಕ್ಕ ರೋಜಾ ಮುಡಿದಿರಲಿಲ್ಲ. ಬರೀ ಕನಕಾಂಬರ.

"ಕನಕಾಂಬರಕ್ಕೂ ವಾಸ್ನೆ ಇಲ್ವಲ್ಲಕ್ಕಾ?" ಅಂತ ಒಂದು ಸಲ ಕೆಣಕಿದೆ.

"ಐತೆ ಅಂತ ಅದು ಯಾವತ್ತಾದ್ರೂ ಹೇಳ್ತಾ? ಈ ರೋಜಾ ನೋಡು, ಊರಿಗೆಲ್ಲ ಘಮ್ಮಂತೀನಿ ಅನ್ನೋ ಠೀವೀಲಿ ನಿಂತಿರ್ತದೆ. ಮೂಗಿಟ್ರೆ ತೊಳೆದ ಲೋಟ ಮೂಸಿದಂಗೆ."

ಕುರಿಗೆ ಹೋದ ಬೀಜ

ಹೊಸ ತಳಿ ಅಂದರೆ ರೋಜಾಕ್ಕೆ ಮದುವೆ ಮಾಡಿಸುವ ಕೆಲಸ. ಒಂದು ಮೊಗ್ಗು ಅರಳುವ ಮುಂಚೆಯೇ ಅದರ ಕೇಸರ ಕಿತ್ತು, ಇನ್ನೊಂದು ಹೂವಿನ ಪರಾಗವನ್ನು ಡ್ರಾಯಿಂಗ್ ಕುಂಚದಲ್ಲಿ ಸವರಿ, ಕಾಗದದ ಟೋಪಿ ಹಾಕಬೇಕು. ತಿಂಗಳುಗಟ್ಟಲೆ ಕಾದರೆ ಕಾಯಿ ಹಣ್ಣಾಗುತ್ತದೆ. ಒಳಗಿನ ಬೀಜವನ್ನು ಒದ್ದೆ ಮರಳಲ್ಲಿಟ್ಟು ಕೆಲವು ವಾರ ತಣ್ಣಗಿಟ್ಟರೆ ಚೆನ್ನಾಗಿ ಮೊಳೆಯುತ್ತದೆ ಅಂತ ಮೇಷ್ಟ್ರು ಎಲ್ಲೋ ಓದಿದ್ದರು. ಆಗ ನಮ್ಮ ಕಡೆ ಫ್ರಿಜ್ ಇದ್ದ ಮನೆ ಎಲ್ಲಿ? ಇದ್ದದ್ದು ದನದ ಆಸ್ಪತ್ರೆಯಲ್ಲಿ, ಕೋಳಿ ಲಸಿಕೆ ಇಡಲು. ಮೇಷ್ಟ್ರು ನಶ್ಯದ ಡಬ್ಬಿಯಲ್ಲಿ ಬೀಜ ತುಂಬಿ ತಂದರು. ಲಸಿಕೆಯ ಪಕ್ಕ ಜಾಗ ಮಾಡಿಕೊಟ್ಟೆ.

ಒಂದು ದಿನ ನಮ್ಮ ಡಾಕ್ಟರು ಡಬ್ಬಿ ತೆರೆದು, "ಎನ್ನಯ್ಯಾ ಇದು?" ಅಂದರು. ಅವರು ಸೇಲಂ ಕಡೆಯವರು, ಎಲ್ಲವನ್ನೂ ನಂಬುವ ಒಳ್ಳೇ ಮನುಷ್ಯ. ನನ್ನ ನಾಲಿಗೆ ಸುಮ್ಮನಿರಬೇಕಲ್ಲ, "ಹುಳದ ಔಷಧಿ ಸಾರ್, ಹೊಸದು" ಅಂದುಬಿಟ್ಟೆ. ಮಾರನೇ ದಿನ ನಾನು ರಜೆ. ಡಾಕ್ಟರು ಅಂಚೆಟ್ಟಿ ಕ್ಯಾಂಪಿಗೆ ಹೋಗುವಾಗ ಡಬ್ಬಿಯಿಂದ ಒಂದು ಚಿಟಿಕೆ ಕಟ್ಟಿಕೊಂಡು ಹೋಗಿ ಒಂದು ಕುರಿಗೆ ತಿನ್ನಿಸಿದರು.

ವಾರದ ಮೇಲೆ ಅಂಚೆಟ್ಟಿ ಕಾಡಂಚಿನಿಂದ ಕುರಿಯವನು ಅರ್ಧ ದಾರಿ ನಡೆದು, ಅರ್ಧ ದಾರಿ ಬಸ್ಸಲ್ಲಿ ಬಂದ. "ಸ್ವಾಮೇ, ಆ ಬೀಜದ ಔಸ್ದಿ ಇನ್ನೊಂದ್ ಸೊಲ್ಪ ಕೊಡಿ. ನನ್ ಕುರಿ ಕುಣೀತಾ ಐತೆ!"

ಮೇಷ್ಟ್ರಿಗೆ ಹೇಳಲೇಬೇಕಾಯಿತು. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಚಪ್ಪಲಿ ಮೆಟ್ಟಿಕೊಂಡು, "ಆ ಕುರಿ ಯಾವ ಹಳ್ಳೀಲಿದೆ ಕೇಳಯ್ಯ. ಬೀಜ ಹಿಕ್ಕೇಲಿ ಹೊರಗೆ ಬಂದಿರತ್ತೆ" ಅಂದರು. ಭಾನುವಾರ ಗುಡ್ಡ ಹತ್ತಿ ಇಳಿದು ಒಂದು ಗೋಣಿಚೀಲ ಹಿಕ್ಕೆ ಹೊತ್ತುಕೊಂಡು ಬಂದರು. ಮುಂದೆ ಹೆಸರಾದ ಗಿಡ ಹುಟ್ಟಿದ್ದು ಆ ಚೀಲದಿಂದಲೇ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಅಲ್ಲ, ಡಬ್ಬಿಯಲ್ಲಿ ಉಳಿದ ಬೀಜದಿಂದ ಅನ್ನುತ್ತಿದ್ದರು ಮೇಷ್ಟ್ರು. ಕುರಿಯನ್ನು ಯಾರೂ ಕೇಳಲಿಲ್ಲ.

ಎರಡು ಸಲ ಒಗೆದ ಬಣ್ಣ

ಎಲ್ಲಿಂದಲೋ ಅಂತೂ ಹುಟ್ಟಿತು. ಮೊದಲ ಹೂ ಅರಳಿದ ದಿನ ಮೇಷ್ಟ್ರು ಸ್ಕೂಲಿಗೇ ಹೋಗಲಿಲ್ಲ. ಬೆಂಗಳೂರಿನ ಒಂದು ರೋಜಾ ಸಂಘಕ್ಕೆ ಕಳಿಸಬೇಕಾದ ಫಾರಂ ಮುಂದಿಟ್ಟುಕೊಂಡು ಕೂತಿದ್ದರು. ಗಿಡದ ಎತ್ತರ, ಎಲೆ, ಮುಳ್ಳು, ದಳ ಎಷ್ಟು, ಬಣ್ಣ, ಪರಿಮಳ. ದಳದವರೆಗೆ ಸರಾಗವಾಗಿ ಬರೆದರು. ಬಣ್ಣದ ಹತ್ತಿರ ಪೆನ್ನು ನಿಂತಿತು. ಜೀವಮಾನವೆಲ್ಲ ಮಕ್ಕಳಿಗೆ ಬಣ್ಣ ಕಲಸುವುದು ಕಲಿಸಿದವರು, ಹನ್ನೆರಡು ಬಟ್ಟಲು ಕಲಸಿದರೂ ಹೂವಿನ ಬಣ್ಣ ಬರಲಿಲ್ಲ.

"ಕೆಂಪು ಅಲ್ಲ, ಕೇಸರಿ ಅಲ್ಲ, ನಸುಗೆಂಪು ಅಂದ್ರೆ ಹೂವಿಗೇ ಅವಮಾನ. ಏನಂತ ಬರೀಲಿ ಕಣಯ್ಯ?"

ಅಕ್ಕಿ ಆರಿಸುತ್ತಿದ್ದ ಅಕ್ಕ ತಲೆ ಎತ್ತದೆ ಹೇಳಿದಳು: "ನಮ್ ಧಾರೆ ಸೀರೆ ಬಣ್ಣ. ಎರಡು ಸಲ ಒಗೆದ್ಮೇಲೆ ಹೆಂಗಿತ್ತು, ಹಂಗೆ."

ಮೇಷ್ಟ್ರು ಪೆಟ್ಟಿಗೆಯಿಂದ ಸೀರೆ ತೆಗೆಸಿ ಹೂವಿನ ಪಕ್ಕ ಹಿಡಿದರು. ಕೂದಲೆಳೆ ವ್ಯತ್ಯಾಸವಿಲ್ಲ. ಫಾರಂನಲ್ಲಿ ಬರೆದರು: "ನನ್ನ ಹೆಂಡತಿಯ ಧಾರೆ ಸೀರೆ, ಎರಡು ಸಲ ಒಗೆದ ನಂತರ."

"ಮೂರನೇ ಸಲ ಒಗೆದಿದ್ರೆ?" ಅಂದೆ.

"ಅದು ಬೇರೆ ತಳಿ" ಅಂದರು ಮೇಷ್ಟ್ರು.

ಹೊಸ ಬಸ್ಸು

ಉಳಿದದ್ದು ಪರಿಮಳ. "ನೀನೇ ಮೂಸಿ ಹೇಳೇ" ಅಂತ ಮೇಷ್ಟ್ರು ಅಕ್ಕನನ್ನು ಕರೆದರು.

"ನಿಮ್ಮ ಎಷ್ಟು ಹೂವಿಗೆ ಮೂಗಿಟ್ಟು ಸುಮ್ನೆ ವಾಪಸ್ ಬಂದಿದೀನಿ, ಗೊತ್ತಾ? ಪ್ರತಿ ಸಲ ನಿಮ್ಮ ಮುಖ ನೋಡೋಕಾಗಲ್ಲ. ಹತ್ತು ಜನ ಐತೆ ಅನ್ನಲಿ, ಆಮೇಲೆ ನಾನು ಬತ್ತೀನಿ. ನಿಜವಾಗ್ಲೂ ಇದ್ರೆ ಅವತ್ತೇ ಮುಡ್ಕೋತೀನಿ."

ಮೊದಲ ಮೂಗು ನಂದು. ಬಗ್ಗಿದೆ. ತೊಳೆದ ಲೋಟ. ಇನ್ನೊಮ್ಮೆ ಬಗ್ಗಿದೆ. ಒಣಗಿಸಿದ ಲೋಟ. ತಲೆ ಎತ್ತಿದರೆ ಮೇಷ್ಟ್ರು ಕೈ ಹಿಂದೆ ಕಟ್ಟಿಕೊಂಡು, ಪರೀಕ್ಷೆ ಫಲಿತಾಂಶಕ್ಕೆ ಬಂದ ಹುಡುಗನ ಹಾಗೆ ನಿಂತಿದ್ದಾರೆ. ನಾನು ಜೀವನದಲ್ಲಿ ತಮಾಷೆಗೆ ಸಾವಿರ ಸುಳ್ಳು ಹೇಳಿದ್ದೇನೆ. ತಮಾಷೆಗಲ್ಲದೆ ಹೇಳಿದ್ದು ಅದೊಂದೇ.

"ಇದೆ ಸಾರ್."

ಹೇಳಿದ ಮೇಲೆ ಇನ್ನೊಂಬತ್ತು ಮೂಗು ಹೊಂದಿಸುವ ಹೊಣೆ ನನ್ನ ಮೇಲೇ ಬಿತ್ತು. ಒಬ್ಬೊಬ್ಬರನ್ನಾಗಿ ಕರೆತಂದೆ. ಗೇಟಿನ ಹತ್ತಿರ, "ಏನೋ ಒಂದು ವಾಸ್ನೆ ಇದೆ ಅನ್ನು ಮಾರಾಯ" ಅಂತ ಕಿವಿಯಲ್ಲಿ ಊದಿ ಒಳಗೆ ತಳ್ಳುತ್ತಿದ್ದೆ. ಬೇರಿಕೆ ಬಸ್ಸಿನ ಕಂಡಕ್ಟರ್ ಕಣ್ಣು ಮುಚ್ಚಿ ಎಳೆದು, "ಹೊಸ ನೋಟು ಸಾರ್" ಅಂದ. ಫ್ಯಾಕ್ಟರಿಯ ಫಿಟ್ಟರ್, "ಗ್ರೀಸ್ ಥರ. ಆದ್ರೆ ಒಳ್ಳೇ ಗ್ರೀಸ್" ಅಂದ. ನಮ್ಮ ಡಾಕ್ಟರು ಬಹಳ ಯೋಚಿಸಿ, "ಟಿಂಚರ್" ಅಂದರು. ಮೇಷ್ಟ್ರು ಒಂದನ್ನೂ ಬಿಡದೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಸಂಜೆ ಜೋರಾಗಿ ಓದಿದರು: "ಹೊಸ ನೋಟು, ಗ್ರೀಸು, ಟಿಂಚರು. ಇಂಥ ಹೂವು ಪ್ರಪಂಚದಲ್ಲೇ ಇಲ್ಲ ಕಣಯ್ಯ!"

ಒಳಗಿಂದ ಅಕ್ಕನ ದನಿ ಬಂತು: "ಅದು ರೋಜಾನೋ, ಹೊಸ ಬಸ್ಸೋ?"

ಎಂಟನೇ ಮೂಗು

ಅಂದಿನಿಂದ ಬಂದವರಿಗೆಲ್ಲ ಒಂದೇ ಪಾಠ ಮಾಡಿದೆ. ಮೇಷ್ಟ್ರು ಏನು ಮುಂದೆ ಹಿಡಿದರೂ ಬಗ್ಗಿ ಮೂಸಿ "ಏಲಕ್ಕಿ" ಅನ್ನಬೇಕು. ಐದು, ಆರು, ಏಳು ಸಲೀಸಾಗಿ ಹೋದವು.

ಎಂಟನೆಯವನು ಟೀ ಅಂಗಡಿಯವನು. ಕನ್ನಡಕ ಅಂಗಡಿಯಲ್ಲೇ ಬಿಟ್ಟು ಬಂದಿದ್ದ. ಮೇಷ್ಟ್ರು ಸೀರೆ ಪಕ್ಕದಲ್ಲಿಟ್ಟುಕೊಂಡು ಕೊನೆಗೂ ಬಣ್ಣ ಕೂಡಿಸಿ, ಫಾರಂ ಜೊತೆ ಕಳಿಸಲು ಹೂವಿನ ಚಿತ್ರ ಆಗಷ್ಟೇ ಬರೆದು ಮುಗಿಸಿದ್ದರು. ಹೇಗಿದೆ ನೋಡು ಅಂತ ಚಿತ್ರವನ್ನು ಅವನ ಮುಂದೆ ಹಿಡಿದರು. ಅವನು ಭಕ್ತಿಯಿಂದ ಬಗ್ಗಿ, ಕಾಗದಕ್ಕೆ ಮೂಗು ತಾಗಿಸಿ, ದೀರ್ಘವಾಗಿ ಎಳೆದು, "ಆಹಾ, ಏಲಕ್ಕಿ!" ಅಂದ.

ನಾನು ಬೇಲಿಯ ಕಡೆ ತಿರುಗಿ ಕೆಮ್ಮಿದೆ. ಮೇಷ್ಟ್ರು ಸ್ವಲ್ಪ ಹೊತ್ತು ಚಿತ್ರವನ್ನು ನೋಡಿದರು, ಸ್ವಲ್ಪ ಹೊತ್ತು ನನ್ನನ್ನು ನೋಡಿದರು. ಆಮೇಲೆ ನೋಟ್‌ಬುಕ್ ತೆಗೆದು, "ಎಂಟು. ಏಲಕ್ಕಿ" ಅಂತ ಬರೆದುಕೊಂಡರು. ಟೀ ಅಂಗಡಿಯವನ ಮೂಗಿನ ತುದಿಯಲ್ಲಿ ಮಾತ್ರ ಮೂರು ದಿನ ಅಕ್ಕನ ಧಾರೆ ಸೀರೆಯ ಬಣ್ಣ ಇತ್ತು.

ಹನ್ನೊಂದು

ಹತ್ತೂ ಆಯಿತು. ಅಕ್ಕ ತಲೆ ಬಾಚಿಕೊಂಡು ಬಂದಳು. ಅವತ್ತು ಜಡೆಯಲ್ಲಿ ಕನಕಾಂಬರ ಇರಲಿಲ್ಲ. ಅದನ್ನು ನೋಡಿದ್ದೇ ನಾನು ಬೇಲಿಯ ಕಡೆ ಒಂದು ಹೆಜ್ಜೆ ಸರಿದೆ. ಈಕೆ ನಂಬಿಕೊಂಡು ಬಂದಿದ್ದಾಳೆ.

ಅಕ್ಕ ಬಗ್ಗಿ ಮೂಸಿದಳು. ಬಹಳ ಹೊತ್ತು ಹಾಗೇ ಇದ್ದಳು. ತಲೆ ಎತ್ತಿ ನೋಟ್‌ಬುಕ್ ಈಸಿಕೊಂಡು ಹತ್ತೂ ಓದಿದಳು. ನನ್ನ ಕಡೆ ಒಂದು ನೋಟ ನೋಡಿದಳು. ಹಸು ಒದೆಯುವ ಮುಂಚೆ ನೋಡುತ್ತದಲ್ಲ, ಹಾಗೆ. ಮೇಷ್ಟ್ರು ಮಾತ್ರ ನೆಲ ನೋಡುತ್ತಿದ್ದರು, ಹೆಣ್ಣು ನೋಡಲು ಹೋದ ದಿನದ ಹಾಗೆ.

ಅಕ್ಕ ಕೈ ಚಾಚಿ ಹೂವನ್ನು ಲಟಕ್ಕನೆ ಕಿತ್ತು ಜಡೆಗೆ ಸಿಕ್ಕಿಸಿಕೊಂಡಳು. "ಹನ್ನೊಂದು ಅಂತ ಬರ್ಕೊಳ್ಳಿ" ಅಂದು ಒಳಗೆ ಹೋದಳು.

ಮೇಷ್ಟ್ರು ಫಾರಂ ತೆಗೆದು ಪರಿಮಳದ ಮುಂದೆ "ಇಲ್ಲ" ಅಂತ ಬರೆದರು.

"ಸಾರ್, ಹಂಗಾದ್ರೆ ನಿಮಗೆ ಗೊತ್ತಿತ್ತಾ?"

"ಚಿತ್ರ ಮೂಸಿ ಏಲಕ್ಕಿ ಅಂದ್ನಲ್ಲಯ್ಯ."

"ಮತ್ಯಾಕೆ ಬರ್ಕೊಂಡ್ರಿ?"

"ಹತ್ತು ಆಗ್ದೆ ಅವಳು ಹೊರಗೆ ಬರ್ತಿರ್ಲಿಲ್ಲ ಕಣೋ."

ಸಂಘದ ಮೂಗು

ಸಂಘದಿಂದ ಕಾಗದ ಬಂತು. ತಾವು ಬರೆದ ಬಣ್ಣ ನಮ್ಮ ಪಟ್ಟಿಯಲ್ಲಿ ಇಲ್ಲ. ಹೊಸ ಹೂವಿನ ಜೊತೆ ಸದರಿ ಸೀರೆಯ ಮಾದರಿಯನ್ನೂ ಕಳಿಸಬೇಕು.

ಮೇಷ್ಟ್ರು ಸೀರೆ ಕತ್ತರಿಸಲು ಸುತರಾಂ ಒಪ್ಪಲಿಲ್ಲ. "ತವರಿನ ಗಿಡದ ಮೇಲೆ ಗೋಡೆ ಬಂದಾಗ ಯಾರೂ ಕೇಳಲಿಲ್ಲ. ಇದನ್ನಾದ್ರೂ ನನ್ನ ಕೈಯಾರೆ ಕೊಡ್ತೀನಿ. ಕತ್ತರಿ ತನ್ನಿ" ಅಂದಳು ಅಕ್ಕ. ಸೆರಗಿನ ಅಂಚಿನಿಂದ ಅಂಗೈಯಗಲ ಕತ್ತರಿಸಿ, ಹೂವಿನ ಜೊತೆ ಒಂದೇ ಬಿಸ್ಕತ್ ಡಬ್ಬಿಯಲ್ಲಿಟ್ಟು ಬಿಗಿಯಾಗಿ ಮುಚ್ಚಿದಳು. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬೆಂಗಳೂರಿನ ಬಸ್ಸಲ್ಲಿ ಹೋಗಿ ಕೊಟ್ಟುಬಂದವನು ನಾನೇ.

ಎರಡು ತಿಂಗಳಾದ ಮೇಲೆ ಉತ್ತರ ಬಂತು. ಮೇಷ್ಟ್ರು ಲಕೋಟೆ ಒಡೆಯದೆ ನನ್ನ ಕೈಗಿಟ್ಟರು, ನಾನೇ ಓದಿದೆ. ಬಣ್ಣ: ಮಾದರಿಗೆ ಸರಿಯಾಗಿದೆ. ಪರಿಮಳ: ಅರ್ಜಿದಾರರು ಇಲ್ಲವೆಂದು ಬರೆದಿರುವುದು ತಪ್ಪು. ಪರಿಮಳ ಉಂಟು, ಸಾಕಷ್ಟು ಗಾಢ. ಬಟ್ಟೆ ಪೆಟ್ಟಿಗೆಯಲ್ಲಿಡುವ ನುಸಿ ಗುಳಿಗೆಯನ್ನು ಹೋಲುತ್ತದೆ.

ನಾನು ಸುಳ್ಳು ಓದುತ್ತಿದ್ದೇನೆ ಅಂತ ಮೇಷ್ಟ್ರು ಕಾಗದ ಕಿತ್ತುಕೊಂಡರು. ಓದಿದರು. ಎರಡನೇ ಸಲ ಓದಿದರು. "ಇದೆಯಂತೆ ಕಣೇ!" ಅಂತ ಕೂಗಿ, ಅಲ್ಲೇ ಜಗಲಿ ಮೇಲೆ ಕೂತು ನಕ್ಕರು ನೋಡಿ, ನಶ್ಯ ಏರಿಸಿದರೂ ಅಷ್ಟು ನೀರು ಕಣ್ಣಲ್ಲಿ ಬಂದಿದ್ದಿಲ್ಲ. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಬಾಗಿಲಿಗೆ ಒರಗಿ ನಗುತ್ತಿದ್ದಳು. ಜಡೆಯಲ್ಲಿ ಅದೇ ಗಿಡದ ರೋಜಾ.

ಮೇಷ್ಟ್ರು ರಿಟೈರಾದ ಮೇಲೆ ಇಬ್ಬರೂ ಬೇರಿಕೆ ಸೇರಿದರು. ಆ ಮನೆ ಈಗ ಲೇತ್ ವರ್ಕ್‌ಶಾಪು. ಹಿತ್ತಲಿದ್ದ ಕಡೆ ಕಬ್ಬಿಣದ ಚೂರಿನ ರಾಶಿ. ನಾನು ಕಸಿ ಕಟ್ಟಿದ ಒಂದು ಗಿಡ ನಮ್ಮನೆಯಲ್ಲಿತ್ತು, ಅದೂ ಹೋಯಿತು. ಆದರೂ ನನ್ನ ಹೆಂಡತಿ ಬಟ್ಟೆ ಪೆಟ್ಟಿಗೆ ತೆಗೆದಾಗ ನಾನು ಎಲ್ಲಿದ್ದರೂ ಎದ್ದುಹೋಗಿ ಪೆಟ್ಟಿಗೆಯೊಳಗೆ ಬಗ್ಗಿ ಮೂಗು ತುಂಬ ಎಳೆದುಕೊಳ್ಳುತ್ತೇನೆ.

"ಏನ್ರೀ ಅದು?" ಅನ್ನುತ್ತಾಳೆ.

"ರೋಜಾ" ಅನ್ನುತ್ತೇನೆ.

ಇಷ್ಟು ವರ್ಷ ನಾನು ಹೇಳಿದ ಸುಳ್ಳನ್ನೆಲ್ಲ ನಂಬಿದವಳು, ಇದೊಂದನ್ನು ಮಾತ್ರ ನಂಬುವುದಿಲ್ಲ.